ಮಾವನ ಗಂಟಲಿನಲ್ಲಿ ಓದಿದ ಪುಸ್ತಕಗಳು

ಪ್ರತಿ ವರ್ಷ ಡಿಸೆಂಬರ್ ಬಂದರೆ ನನ್ನ ಗೆಳತಿ ವೀಣಾ ಬೆನ್ಸನ್ ಟೌನಿನಿಂದ ಫೋನು ಮಾಡಿ ಒಂದು ಪ್ರಶ್ನೆ ಕೇಳುತ್ತಾಳೆ. "ಏನೇ ಶೋಭಾ, ಈ ವರ್ಷ ಓದಿದ್ರಲ್ಲಿ ನಿಂಗೆ ಬಹಳ ಹಿಡಿಸಿದ್ದು ಯಾವ್ದು ಹೇಳು." ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು, ಪಾಠದ ಪುಸ್ತಕದೊಳಗೆ ಕಾದಂಬರಿ ಇಟ್ಟುಕೊಂಡು ಓದಿದವರು ನಾವು. ಹಾಡು ಬರುವವರನ್ನು ಮದುವೆ ಮನೆಯಲ್ಲಿ ಹಾಡಿ ಎಂದು ಕೇಳಿದಾಗ ಅವರು ಆಡುತ್ತಾರಲ್ಲ, ಆ ಪ್ರಶ್ನೆ ಬಂದರೆ ನಾನೂ ಹಾಗೆಯೇ ಆಡುತ್ತೇನೆ. "ಅಯ್ಯೋ, ಈ ವರ್ಷ ಏನೂ ಓದೋಕೇ ಆಗ್ಲಿಲ್ಲ ಕಣೇ" ಎಂದು ಗಂಟಲು ಸರಿಮಾಡಿಕೊಂಡು ಶುರು ಮಾಡಿದರೆ, ಒಲೆಯ ಮೇಲಿನ ಸಾರು ಬತ್ತಿ ತಳ ಹಿಡಿಯುವವರೆಗೆ ಮಾತು ನಿಲ್ಲುವುದಿಲ್ಲ.

ಈ ಸಲವೂ ಅವಳು ಕೇಳಿದಳು. ನಾನೂ ಗಂಟಲು ಸರಿಮಾಡಿಕೊಂಡೆ. ಆದರೆ ಕಣ್ಣ ಮುಂದೆ ಒಂದು ಪುಟವೂ ಬರಲಿಲ್ಲ, ಒಂದು ಮುಖಚಿತ್ರವೂ ಬರಲಿಲ್ಲ. ಕಿವಿಯೊಳಗೆ ನಮ್ಮ ಮಾವನ ದನಿ ಬಂತು. ಅದೂ ಕೆಮ್ಮಿನ ಸಮೇತ. ಈ ವರ್ಷ ನನಗೆ ಇಷ್ಟವಾದ ಪುಸ್ತಕಗಳನ್ನೆಲ್ಲ ನಾನು ಓದಿದ್ದು ಮಾವನ ಗಂಟಲಿನಲ್ಲಿ. ಅದನ್ನು ವೀಣಾಗೆ ಫೋನಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಅವಳ ಮೊಬೈಲಿನ ಚಾರ್ಜ್ ಮುಗಿದುಹೋಯಿತು, ನನ್ನ ಮಾತು ಮುಗಿಯಲಿಲ್ಲ. ಅದಕ್ಕೇ ಈಗ ನಿಮ್ಮನ್ನು ಹಿಡಿದು ಕೂರಿಸಿಕೊಂಡಿದ್ದೇನೆ.

ನಾನು ಬಾಯಿ ಮುಚ್ಚಿಕೊಂಡು ಓದುವ ಪೈಕಿ. ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ಒಂದು ಕೋಣೆ, ಒಂದು ಅಡುಗೆಮನೆಯ ವಠಾರದ ಮನೆಯಲ್ಲಿ. ಅಪ್ಪ, ಅಮ್ಮ, ಅಜ್ಜಿ, ನಾವು ಮೂವರು ಮಕ್ಕಳು, ಜೊತೆಗೆ ಅಮ್ಮನ ಹೊಲಿಗೆ ಮಿಷನ್ನು. ಪಕ್ಕದ ಮನೆಯಲ್ಲಿ ತಮಿಳು ರೇಡಿಯೊ, ಎದುರು ಮನೆಯಲ್ಲಿ ಉರ್ದುವಿನಲ್ಲಿ ಜಗಳ, ನಮ್ಮ ಮನೆಯಲ್ಲಿ ಮಿಷನ್ನಿನ ಟಕಟಕ. ಆ ಸಂತೆಯಲ್ಲಿ ಸ್ವಲ್ಪ ಹೊತ್ತು ಒಬ್ಬಳೇ ಇರಬೇಕು ಅನ್ನಿಸಿದರೆ ಬಾಗಿಲು ಹಾಕಿಕೊಳ್ಳಲು ಬೇರೆ ಕೋಣೆಯಿರಲಿಲ್ಲ, ಪುಸ್ತಕ ತೆರೆದುಕೊಳ್ಳಬೇಕಿತ್ತು. ಮಾರ್ಕೆಟ್ಟಿನ ಬೀದಿಯಲ್ಲಿ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಒಂದು ಪುಟ್ಟ ಅಂಗಡಿಯಿತ್ತು. ಅಲ್ಲಿನ ಒಂದೊಂದು ಪುಸ್ತಕಕ್ಕೂ ಒಂದೊಂದು ಮನೆಯ ವಾಸನೆ. ಕೆಲವಕ್ಕೆ ಹರಳೆಣ್ಣೆ, ಕೆಲವಕ್ಕೆ ಒಗ್ಗರಣೆ, ಒಂದೆರಡಕ್ಕೆ ವಿಕ್ಸ್. ಪತ್ತೇದಾರಿ ಕಾದಂಬರಿ ತಂದರೆ, ಶುರುವಿನಲ್ಲೇ ಯಾರೋ ಪುಣ್ಯಾತ್ಮರು ಒಂದು ಹೆಸರಿನ ಸುತ್ತ ಪೆನ್ಸಿಲಿನಲ್ಲಿ ಸುತ್ತು ಹಾಕಿ "ಇವನೇ ಕೊಂದಿದ್ದು" ಎಂದು ಬರೆದು ಪುಣ್ಯ ಕಟ್ಟಿಕೊಂಡಿರುತ್ತಿದ್ದರು. ಆದರೂ ಬಿಡದೆ ಓದುತ್ತಿದ್ದೆ, ಅವರು ಸುಳ್ಳು ಬರೆದಿರಬಹುದೆಂಬ ಆಸೆಯಿಂದ. ಮೆಟ್ಟಿಲಿನ ಕೆಳಗೆ ಮುದುಡಿ ಕೂತು ಓದುವ ನನ್ನನ್ನು ಕಂಡರೆ ಅಜ್ಜಿಗೆ ಗಾಬರಿ. "ತುಟಿ ಅಲ್ಲಾಡಲ್ಲ, ಕರೆದ್ರೆ ಓಗೊಡಲ್ಲ. ಯಾರಾದ್ರೂ ಹೋಗಿ ಈ ಹುಡುಗಿ ಉಸಿರಾಡ್ತಿದಾಳಾ ನೋಡ್ರೋ" ಎನ್ನುತ್ತಿದ್ದರು.

ಮದುವೆಯಾಗಿ ಬಂದದ್ದು ಕಗ್ಗದಾಸಪುರಕ್ಕೆ. ಅದು ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲೇ ಇರುವ ಮನೆತನ ನಮ್ಮವರದು. ಮಾವ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮ ಮೂರು ಅಂತಸ್ತಿನ ಕಟ್ಟಡ ನಿಂತಿದೆ. ಮಧ್ಯದ ಮಹಡಿಯಲ್ಲಿ ನಾವು. ಮೇಲೆ, ಕೆಳಗೆ ಬಾಡಿಗೆಯವರು. ಮಾವನ ಹೆಸರು ಮುನಿಯಪ್ಪ, ಆದರೆ ಕಟ್ಟಡದವರಿಗೆಲ್ಲ ಅವರು "ಓನರ್ ಅಂಕಲ್". ಬೆಳಗಾದರೆ ನೀರಿನ ಮೋಟರು ಹಾಕುವುದು, ಟ್ಯಾಂಕು ಇಣುಕಿ ನೋಡುವುದು, ರಸ್ತೆ ಅಗೆಯುವವರನ್ನು ಮಾತಾಡಿಸುವುದು, ಟೀ ಅಂಗಡಿಯಲ್ಲಿ ಹಳೇ ಊರಿನವರ ಜೊತೆ ಕೂರುವುದು. ಮನೆಯೊಳಗೆ ಅವರು ಇರುತ್ತಿದ್ದುದು ಊಟಕ್ಕೆ ಮತ್ತು ನಿದ್ದೆಗೆ ಮಾತ್ರ.

ಅಂಥವರಿಗೆ ವರ್ಷದ ಆರಂಭದಲ್ಲೇ ಮಂಡಿಯ ಆಪರೇಷನ್ ಆಯಿತು. ಕೆಲವು ತಿಂಗಳು ಮೆಟ್ಟಿಲು ಹತ್ತುವಂತಿಲ್ಲ, ಇಳಿಯುವಂತಿಲ್ಲ ಎಂದರು ಡಾಕ್ಟರು. ಮಾವ ಹಾಲಿನ ಕುರ್ಚಿಯಲ್ಲಿ ಕೂತರು. ಹಾಲಿನಲ್ಲಿದ್ದ ಟಿವಿ ಅತ್ತೆಯದು. ಅದರ ಧಾರಾವಾಹಿಗಳಲ್ಲಿ ಮಾವನಿಗೆ ಜಾಗವಿರಲಿಲ್ಲ. ಅವರು ಮೊದಲು ಬಾಲ್ಕನಿಯ ಪಾರಿವಾಳಗಳ ಜೊತೆ ಜಗಳವಾಡಿದರು, ಆಮೇಲೆ ಕುಕ್ಕರಿನ ಜೊತೆ, ಆಮೇಲೆ ಅತ್ತೆಯ ಜೊತೆ. ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು.

"ಶೋಭಾ, ಅಷ್ಟೊಂದು ಪುಸ್ತಕ ಇಟ್ಕಂಡಿದ್ದೀಯಲ್ಲ, ಒಂದು ಎತ್ತಿ ಅವ್ರ ಕೈಗೆ ಕೊಡಮ್ಮ. ಇಲ್ದಿದ್ರೆ ನಾನು ತವರಿಗೆ ಹೊಂಟೋಗ್ತೀನಿ."

ಅತ್ತೆಯ ತವರು ನಮ್ಮ ಟೆರೇಸಿನಿಂದ ಕಾಣಿಸುತ್ತದೆ. ಆದರೂ ಬೆದರಿಕೆ ಬೆದರಿಕೆಯೇ. ನನ್ನ ಕಪಾಟಿನಲ್ಲಿ ನನಗೆ ಬಹಳ ಪ್ರಿಯವಾದ, ವೀಣಾಗೆ ಪ್ರತಿ ವರ್ಷ ಹೊಗಳಿ ಹೇಳುವ ಒಂದು ಗಂಭೀರ ಕಾದಂಬರಿಯಿತ್ತು. ಒಬ್ಬ ಮನುಷ್ಯ ಕಿಟಕಿಯ ಬಳಿ ಕೂತು ತನ್ನ ಬದುಕಿನ ಬಗ್ಗೆ ಯೋಚಿಸುವುದೇ ಅದರ ಕಥೆ. ಮಾವನ ಬದುಕಿನಲ್ಲೂ ಈಗ ಕುರ್ಚಿ, ಕಿಟಕಿ ಎರಡೂ ಇದ್ದವಲ್ಲ, ಸರಿಹೋದೀತು ಎಂದು ಅದನ್ನೇ ಕೊಟ್ಟೆ.

ಮಾವ ಕನ್ನಡಕ ಹಾಕಿಕೊಂಡರು, ಪುಸ್ತಕವನ್ನು ತೋಳುದ್ದ ದೂರ ಹಿಡಿದರು, ಒಮ್ಮೆ ಕೆಮ್ಮಿದರು, ಓದಲು ತೊಡಗಿದರು. ನಾನು ಬೆಚ್ಚಿಬಿದ್ದೆ. ರಸ್ತೆಯಾಚೆಯ ಹೊಲದಲ್ಲಿರುವವರನ್ನು ಕೂಗಿ ಕರೆದ ಹಾಗಿತ್ತು ಆ ದನಿ.

"ಮಾವ, ಮನಸ್ಸಲ್ಲೇ ಓದ್ಕೊಳ್ಳಿ" ಎಂದೆ ಮೆಲ್ಲಗೆ.

ಅವರು ಪುಸ್ತಕದ ಮೇಲಿನಿಂದ ನನ್ನನ್ನು ನೋಡಿದರು. "ಮನಸ್ಸಲ್ಲೇ ಓದುದ್ರೆ ನಂಗೆ ಹೆಂಗಮ್ಮ ಕೇಳ್ಸತ್ತೆ?"

ಮಾವ ಏಳನೇ ಕ್ಲಾಸಿನವರೆಗೆ ಓದಿದವರು. ಓದುವುದು ಎಂದರೆ ಹಿಂದಿನ ಸಾಲಿನವರಿಗೂ ಕೇಳುವಂತೆ ಓದುವುದು ಎಂದೇ ಅವರು ಕಲಿತದ್ದು. ಆಮೇಲೆ ಬೇರೆ ಥರ ಕಲಿಯುವ ಸಂದರ್ಭ ಬಂದಿರಲಿಲ್ಲ, ಅಷ್ಟೆ.

ಎರಡು ದಿನ ಕಿಟಕಿಯ ಮನುಷ್ಯನನ್ನು ಓದಿದರು. ಮೂರನೆಯ ದಿನ ನಾನು ಹಲಸೂರಿನ ಇನ್ಶೂರೆನ್ಸ್ ಆಫೀಸಿನಿಂದ ಮನೆಗೆ ಬಂದಾಗ ಪುಸ್ತಕ ಮುಚ್ಚಿ ಟೀಪಾಯಿಯ ಮೇಲಿತ್ತು.

"ಅರ್ಧ ಪುಸ್ತಕ ಆಯ್ತು ಕಣಮ್ಮ, ಈವಯ್ಯ ಇನ್ನೂ ಕಿಟಕಿ ತಾವ್ಲೇ ಕುಂತವ್ನೆ. ಒಂದ್ ಹೊತ್ತು ಊಟ ಮಾಡ್ಲಿಲ್ಲ, ಯಾರನ್ನೂ ಮಾತಾಡ್ಸಲಿಲ್ಲ. ಎದ್ದು ಒಂದ್ ರೌಂಡ್ ಹೋಗ್ಬಾರಪ್ಪ ಅಂತ ಹೇಳೋರೇ ಇಲ್ವಾ ಇವ್ನಿಗೆ? ನಂಗಾದ್ರೆ ಮಂಡಿ ಆಪ್ರೇಷನ್ ಆಗೈತೆ. ಇವ್ನಿಗೇನ್ ಆಗೈತೆ?"

ಆ ಪುಸ್ತಕದ ಆಳ, ವಿಸ್ತಾರಗಳ ಬಗ್ಗೆ ನಾನು ಎಷ್ಟೋ ವರ್ಷ ಮಾತಾಡಿದ್ದೇನೆ. ಈಗ ಅದನ್ನು ತೆರೆದರೆ ಆ ಮನುಷ್ಯನ ಕೈಗೊಂದು ಚೀಲ ಕೊಟ್ಟು ಕೊತ್ತಂಬರಿ ಸೊಪ್ಪು ತರಲು ಕಳಿಸೋಣ ಅನ್ನಿಸುತ್ತದೆ.

ಆಮೇಲೆ ಕೊಟ್ಟದ್ದು ಒಂದು ಪತ್ತೇದಾರಿ ಕಾದಂಬರಿ. ಬಂಗಲೆಯೊಂದರಲ್ಲಿ ಕೊಲೆ, ಆರೇಳು ಜನ ನೆಂಟರು, ಎಲ್ಲರ ಮೇಲೂ ಅನುಮಾನ. ಬಾಲ್ಕನಿಯಲ್ಲಿ ಬಿಸಿಲಿಗೆ ಕಾಲು ಚಾಚಿಕೊಂಡು ಓದಿದರೆ ಮಂಡಿಗೂ ಒಳ್ಳೆಯದು ಎಂದು ಮಾವ ಕುರ್ಚಿಯನ್ನು ಅಲ್ಲಿಗೆ ಹಾಕಿಸಿಕೊಂಡರು. ಅಲ್ಲಿಂದ ಕಥೆ ಬೀದಿಗೆ ಬಿತ್ತು. ಕಥೆಯೊಳಗೆ ಹೊಸ ನೆಂಟ ಬಂದಾಗಲೆಲ್ಲ ಮಾವನಿಗೆ ಅವನೇ ಕೊಲೆಗಾರ. "ಇವ್ನೇ! ಇವ್ನೇ ಕಣೆ, ಬರೆದಿಟ್ಕೋ!" ಎಂದು ಅತ್ತೆಯನ್ನು ಕೂಗುತ್ತಿದ್ದರು. ಒಂದು ಬೆಳಗ್ಗೆ ಹಾಗೆ ಕೂಗುವಾಗ ಕೈ ರಸ್ತೆಯ ಕಡೆಗಿತ್ತು. ಗ್ಯಾಸ್ ಸಿಲಿಂಡರ್ ತಂದವನು ಅಲ್ಲೇ ನಿಂತುಬಿಟ್ಟನಂತೆ. ಕೆಳಗಿನ ಮನೆಯ ಫಾತಿಮಾ ಆಂಟಿ ಹೊರಗೆ ಬಂದು, "ನೀನಲ್ಲಪ್ಪ, ಅದು ಬುಕ್ಕಲ್ಲಿ. ನೀನು ಸಿಲಿಂಡರ್ ಇಡು" ಎಂದು ಸಮಾಧಾನ ಮಾಡಿದರಂತೆ. ಆಂಟಿ ತಮ್ಮ ಅಂಗಳದಲ್ಲಿ ಸೊಪ್ಪು ಬಿಡಿಸುತ್ತ, ಅಕ್ಕಿ ಆರಿಸುತ್ತ ಮೊದಲ ದಿನದಿಂದಲೂ ಕೇಳಿಸಿಕೊಳ್ಳುತ್ತಿದ್ದರು ಎಂಬುದು ನಮಗೆ ಗೊತ್ತಾದದ್ದು ಹೀಗೆ. ಕೊಲೆಗಾರ ಯಾರೆಂದು ಸರಿಯಾಗಿ ಹೇಳಿದವರೂ ಅವರೇ. ಮಾವ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ. ಬರೆದವರೇ ತಪ್ಪು ಬರೆದಿದ್ದಾರೆ ಎಂದರು.

ಹಡಗಿನಲ್ಲಿ ದೇಶ ಸುತ್ತಿದವರ ಪ್ರವಾಸ ಕಥನವೊಂದನ್ನು ತಂದುಕೊಟ್ಟೆ. ಮಾವನಿಗೆ ಅದು ಪ್ರಾಣ. ಅಲೆ ಎದ್ದ ಕಡೆ ದನಿ ಎತ್ತುವರು, ಅಲೆ ಬಿದ್ದ ಕಡೆ ಇಳಿಸುವರು. ಬಿರುಗಾಳಿಯ ಅಧ್ಯಾಯ ಮುಗಿಯುವಷ್ಟರಲ್ಲಿ ಅತ್ತೆ, "ನಂಗೆ ತಲೆ ಸುತ್ತುತ್ತೆ, ಒಂದು ನಿಂಬೆಹಣ್ಣು ಕೊಡಮ್ಮ" ಎಂದು ಸೋಫಾದ ಮೇಲೆ ಮಲಗಿಬಿಟ್ಟರು. ನಾನು ಆಫೀಸಿನಲ್ಲಿರುವಾಗ ನಡೆದದ್ದೆಲ್ಲ ಸಂಜೆ ನನಗಾಗಿ ಮರುಪ್ರಸಾರವಾಗುತ್ತಿತ್ತು. ಚಪ್ಪಾತಿ ಲಟ್ಟಿಸುತ್ತ ಕೇಳುತ್ತಿದ್ದೆ. ಸಮುದ್ರದ ಅಧ್ಯಾಯ ಬಂದ ದಿನ ಚಪ್ಪಾತಿ ಒಂದೂ ದುಂಡಗೆ ಬರಲಿಲ್ಲವೆಂದು ನನ್ನ ಗಂಡ ಮಂಜುನಾಥ ಗೊಣಗಿದರು. ಅವರಿಗೆ ಪುಸ್ತಕಗಳ ಸಹವಾಸವಿಲ್ಲ. ಮನೆಯಲ್ಲಿ ಒಬ್ಬಳು ಓದುವವಳಿದ್ದರೆ ಸಾಕಾಗಿತ್ತು, ಈಗ ಅಪ್ಪನೂ ಹಾಳಾದರು ಎಂಬ ಚಿಂತೆ.

ಹೀಗಿರುವಾಗ ಒಂದು ಶನಿವಾರ ಶಿವಾಜಿನಗರದ ಹಳೇ ಪುಸ್ತಕದ ಅಂಗಡಿಯಲ್ಲಿ ನನಗೊಂದು ದಪ್ಪ ಕಾದಂಬರಿ ಸಿಕ್ಕಿತು. ರಟ್ಟು ಕಿತ್ತುಹೋಗಿತ್ತು, ಹೆಸರಿಲ್ಲ, ಬರೆದವರು ಯಾರೆಂದೂ ಇಲ್ಲ. ಒಳಗೆ ನೀಲವೇಣಿ ಎಂಬ ಹೆಣ್ಣುಮಗಳ ಕಥೆ. ಗಂಡ ಮಳೆಗಾಲದ ಒಂದು ಸಂಜೆ ಅವಳನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಅವಳು ಯಾವುದೋ ಊರಿನ ರೈಲ್ವೆ ಸ್ಟೇಷನ್ನಿನ ಎದುರು ಒಂದು ಊಟದ ಮನೆ ಇಟ್ಟು, ರೈಲು ಇಳಿದವರಿಗೆ ಎಲೆ ಹಾಕಿ ಬಡಿಸುತ್ತ, ತನ್ನ ಕಾಲ ಮೇಲೆ ನಿಲ್ಲುತ್ತಾಳೆ.

ಆ ಪುಸ್ತಕ ನಮ್ಮ ಕಟ್ಟಡವನ್ನು ಹಿಡಿದುಕೊಂಡಿತು. ಮಾವ ಸಾರಿನ ವಿವರ ಓದಿದರೆ ಕೆಳಗೆ ಫಾತಿಮಾ ಆಂಟಿಯ ಮನೆಯಲ್ಲಿ ಮಧ್ಯಾಹ್ನಕ್ಕೆ ಅದೇ ಸಾರು. ಅತ್ತೆ ಟಿವಿಯ ಸದ್ದು ತಗ್ಗಿಸಿದರು, ಆಮೇಲೆ ಆರಿಸಿಯೇ ಬಿಟ್ಟರು. ಕಥೆಯ ಮುಕ್ಕಾಲು ಭಾಗ ದಾಟಿದ ಮೇಲೆ ಗಂಡ ಅವಳನ್ನು ಹುಡುಕಿಕೊಂಡು ಹೊರಟ ಸುಳಿವು ಸಿಕ್ಕಿದ್ದೇ, ಕಟ್ಟಡದಲ್ಲಿ ಎರಡು ಪಾರ್ಟಿಗಳಾದವು.

"ಬಂದ್ರೆ ಸೇರಿಸ್ಕಳ್ಲಿ ಪಾಪ, ಬುದ್ಧಿ ಬಂದಿರ್ತದೆ" ಎಂದರು ಅತ್ತೆ ಬಾಲ್ಕನಿಯಿಂದ ಬಗ್ಗಿ.

"ಅರೆ, ಕಾಯ್ಕೂ ಸೇರಿಸ್ಕೋಬೇಕು?" ಎಂದರು ಫಾತಿಮಾ ಆಂಟಿ ಅಂಗಳದಿಂದ. "ಮಳೆಯಲ್ಲಿ ಹೊರಗೆ ಹಾಕಿದಾನೆ ಅವನು. ಅವನೂ ನೆನೀಲಿ ಸ್ವಲ್ಪ."

"ನಾನು ಓದೋನು. ನಂಗೆ ಯಾವ ಪಾರ್ಟಿನೂ ಇಲ್ಲ" ಎಂದು ಮಾವ ನ್ಯಾಯಾಧೀಶರ ಗತ್ತಿನಲ್ಲಿ ಪುಟ ತಿರುಗಿಸಿದರು.

ಗಂಡ ಬಂದೇಬಂದ. ಮಳೆ ಸುರಿಯುತ್ತಿತ್ತು, ಊಟದ ಮನೆಯ ಬಾಗಿಲು ಹಾಕಿತ್ತು, ಅವನು ಬಾಗಿಲು ತಟ್ಟಿದ. ಅಲ್ಲಿಗೆ ಆ ದಿನದ ಓದು ನಿಲ್ಲಿಸಿ ಮಾವ ಊಟಕ್ಕೆ ಎದ್ದರು.

ಮಾರನೆಯ ದಿನ ಭಾನುವಾರ. ನಾನು ಮನೆಯಲ್ಲೇ ಇದ್ದೆ. ಮಾವ ಕಾಫಿ ಕುಡಿದು, ಕೆಮ್ಮಿ, ಪುಸ್ತಕ ತೆರೆಯುವಷ್ಟರಲ್ಲಿ ಕಾಲಿಂಗ್ ಬೆಲ್ ಹೊಡೆಯಿತು. ಮೇಲಿನ ಮಹಡಿಯ ಎಸ್ತರ್ ನಿಂತಿದ್ದಳು. ಕೆಜಿಎಫ್ ಕಡೆಯ ಹುಡುಗಿ, ಆಸ್ಪತ್ರೆಯೊಂದರಲ್ಲಿ ನರ್ಸ್, ಅವಳಿಗೆ ಯಾವಾಗಲೂ ನೈಟ್ ಡ್ಯೂಟಿ. ಬಾಡಿಗೆಗೆ ಬಂದು ತಿಂಗಳುಗಳಾಗಿದ್ದರೂ ನಕ್ಕು ಮೆಟ್ಟಿಲು ಹತ್ತುವುದು ಬಿಟ್ಟರೆ ಅವಳು ನಮ್ಮೊಡನೆ ಮಾತಾಡಿದ್ದೇ ಕಡಿಮೆ. ಕಣ್ಣು ಕೆಂಪಾಗಿತ್ತು, ಕೂದಲು ಕೆದರಿತ್ತು.

"ಓನರ್ ಅಂಕಲ್, ತಪ್ಪು ತಿಳ್ಕೋಬೇಡಿ. ನಾನು ಡ್ಯೂಟಿ ಮುಗಿಸ್ಕೊಂಡು ಬಂದು ಮಲಗೋ ಟೈಮಿಗೇ ನೀವು ಸ್ಟಾರ್ಟ್ ಮಾಡ್ತೀರ. ಕಿಟಕಿ ಹಾಕಿದ್ರೂ ಕೇಳ್ಸತ್ತೆ, ದಿಂಬು ಮುಚ್ಕೊಂಡ್ರೂ ಕೇಳ್ಸತ್ತೆ. ನಿದ್ದೆ ಇಲ್ದೆ ವಾರ್ಡಲ್ಲಿ ತಲೆ ಓಡಲ್ಲ ಅಂಕಲ್. ಇಂಜೆಕ್ಷನ್ ಕೊಡೋ ಕೈ ನಂದು."

ಮಾವನ ಮುಖ ಸಣ್ಣದಾಯಿತು. "ಅಯ್ಯೋ, ಗೊತ್ತಾಗ್ಲಿಲ್ಲ ಕಣಮ್ಮ. ಹೋಗು, ಮಲಿಕ್ಕೋ ಹೋಗು" ಎಂದರು. ಪುಸ್ತಕ ಮುಚ್ಚಿದರು. ಅವಳು ಹೋದ ಮೇಲೆ ನಮ್ಮ ಯಾರ ಮುಖವನ್ನೂ ನೋಡದೆ, "ಅವಳದೇನೂ ತಪ್ಪಿಲ್ಲ. ರಾತ್ರಿಯೆಲ್ಲ ಕಾಯಿಲೆ ಬಿದ್ದೋರ್ನ ನೋಡ್ಕಂಡು ಬಂದಿರ್ತಾಳೆ" ಎಂದು ತಮಗೆ ತಾವೇ ಹೇಳಿಕೊಂಡರು.

ಸಂಜೆ ಓದಬಹುದಿತ್ತು. ನಾನು ಹೇಳಿದೆ ಕೂಡ. "ಕಣ್ಣು ಉರೀತದೆ" ಎಂದರು. ಅವರಿಗೆ ಉರಿದದ್ದು ಕಣ್ಣಲ್ಲ. ಇಷ್ಟು ದಿನ ತಮ್ಮ ದನಿ ಎಲ್ಲರಿಗೂ ಬೇಕಾಗಿದೆ ಎಂದುಕೊಂಡಿದ್ದವರಿಗೆ, ಅದು ಒಬ್ಬರ ತಲೆನೋವಾಗಿತ್ತು ಎಂದು ತಿಳಿದರೆ ಹೇಗಾಗಬೇಡ. ಒಂದು ದಿನ ಮನಸ್ಸಿನಲ್ಲೇ ಓದಲು ಹೊರಟರು. ತುಟಿ ಅಲ್ಲಾಡದಿರಲೆಂದು ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡು, ಹಲ್ಲುನೋವಿನವರ ಹಾಗೆ ಕೂತಿದ್ದರು. ಸ್ವಲ್ಪ ಹೊತ್ತಿಗೆ ಪುಸ್ತಕ ಎದೆಯ ಮೇಲೆ, ಗೊರಕೆ ಬಾಲ್ಕನಿಯ ತುಂಬ. ಎದ್ದು, "ಬಾಯಿ ಮುಚ್ಚಿದ್ರೆ ಕಣ್ಣೂ ಮುಚ್ಕೊಳ್ತದೆ ಕಣಮ್ಮ. ಇದು ಆಗೋ ಹೋಗೋ ಮಾತಲ್ಲ" ಎಂದರು. ಆಮೇಲೆ ಪುಸ್ತಕ ಮುಟ್ಟಲಿಲ್ಲ.

ಮಂಜುನಾಥರು ಮೊದಲ ದಿನ, "ಅಬ್ಬಾ, ಮನೆ ಎಷ್ಟು ಶಾಂತವಾಗಿದೆ" ಎಂದು ಕಾಲು ಚಾಚಿ ಕೂತರು. ಎರಡು ದಿನ ಕಳೆದ ಮೇಲೆ ಅವರೇ, "ಅಪ್ಪ ಯಾಕೋ ಮಂಕಾಗ್ಬಿಟ್ರಲ್ಲ" ಎಂದು ನನ್ನನ್ನು ಕೇಳಿದರು. ಅತ್ತೆ ಟಿವಿ ಹಾಕಿದರು. ಆದರೆ ಅವರ ಕಣ್ಣು ಅದರ ಮೇಲಿರಲಿಲ್ಲ. ಕೊನೆಗೆ ತಡೆಯಲಾರದೆ ಅಡುಗೆಮನೆಗೆ ಬಂದರು.

"ಶೋಭಾ, ನೀನು ಓದೋಳಲ್ವಾ. ಮುಂದಕ್ಕೆ ಸ್ವಲ್ಪ ಓದಿ, ಏನಾಯ್ತು ಅಂತ ನಂಗೆ ಹೇಳ್ಬಿಡಮ್ಮ."

ನನಗೆ ಹೆಮ್ಮೆಯಾಯಿತು. ಎಷ್ಟೆಂದರೂ ಮನೆಯ ಅಧಿಕೃತ ಓದುಗಾರ್ತಿ ನಾನೇ ತಾನೆ. ಪುಸ್ತಕ ತೆಗೆದುಕೊಂಡು ಹೋಗಿ ಒಂದು ಅಧ್ಯಾಯ ನನ್ನ ಪದ್ಧತಿಯಂತೆ ತುಟಿಪಿಟಿಕ್ಕೆನ್ನದೆ ಓದಿದೆ. ಬಂದು ಹೇಳಿದೆ: "ಅವಳು ಬಾಗಿಲು ತೆಗೆಯಲ್ಲ ಅತ್ತೆ. ಅವನು ರಾತ್ರಿಯೆಲ್ಲ ಜಗಲಿ ಮೇಲೆ ಕೂತಿರ್ತಾನೆ. ಬೆಳಗ್ಗೆ ಅವನಿಗೆ ಜ್ವರ. ಅವಳು ಕಷಾಯ ಕೊಡ್ತಾಳೆ."

ಅತ್ತೆ ಕಾದರು. "ಆಮೇಲೆ?" ಎಂದರು.

"ಅಷ್ಟೇ ಅತ್ತೆ."

"ಅಷ್ಟೇನಾ? ಅವ್ಳು ಬಾಗ್ಲು ಹಿಂದೆ ನಿಂತಿದ್ಲಾ, ಮಲಗಿದ್ಲಾ? ಕಷಾಯ ಕೊಡೋವಾಗ ಅವ್ನ ಮುಖ ನೋಡಿದ್ಲಾ? ನೀನು ಕಥೆ ಹೇಳಿದ್ದು ಬ್ಯಾಂಕ್ ಪಾಸ್‌ಬುಕ್ ಓದಿದಂಗಿತ್ತು ಬಿಡಮ್ಮ." ಅವರು ಬೇಸರದಿಂದ ಹುಣಸೆಹಣ್ಣು ನೆನೆಹಾಕಲು ಹೋದರು. ಅವಳು ಬಾಗಿಲ ಹಿಂದೆ ನಿಂತಿದ್ದಳೋ ಮಲಗಿದ್ದಳೋ ನನಗೆ ನೆನಪೇ ಆಗಲಿಲ್ಲ. ಹೋಗಿ ಮತ್ತೆ ನೋಡಬೇಕಾಯಿತು. ನಿಂತಿದ್ದಳು. ಅಗುಳಿಯ ಮೇಲೆ ಕೈಯಿಟ್ಟುಕೊಂಡು, ಬೆಳಕು ಹರಿಯುವವರೆಗೂ.

ಆ ವಾರದ ಕೊನೆಗೆ ಮತ್ತೆ ಬೆಲ್ ಹೊಡೆಯಿತು. ಮತ್ತೆ ಎಸ್ತರ್. ಇನ್ನೇನು ತಕರಾರಪ್ಪಾ ಎಂದು ನಾನು ಬಾಗಿಲಲ್ಲೇ ನಿಂತೆ. ಅವಳು ನನ್ನನ್ನು ದಾಟಿ ಮಾವನ ಕುರ್ಚಿಯ ಹತ್ತಿರ ಹೋದಳು. ಒಂದೇ ಉಸಿರಿಗೆ ಕೇಳಿದಳು.

"ಅಂಕಲ್, ಅವಳು ಡೋರ್ ಓಪನ್ ಮಾಡಿದ್ಲಾ ಇಲ್ವಾ?"

ಮಾವ ತಲೆಯೆತ್ತಿದರು.

"ನಾನು ಮಲಗಿದ್ರೂ ಕಿವಿಗೆ ಬೀಳ್ತಿತ್ತಲ್ಲ, ಸ್ಟೋರಿ ಪೂರ್ತಿ ತಲೇಲಿ ಕೂತ್ಬಿಟ್ಟಿದೆ. ಡ್ಯೂಟಿಲಿ ಸುಮ್ನೆ ನಮ್ಮ ಸಿಸ್ಟರ್‌ಗಳಿಗೆ ಹೇಳ್ದೆ. ಈಗ ದಿನಾ ಕೇಳ್ತಾರೆ, ನೀಲವೇಣಿ ಏನ್ ಮಾಡಿದ್ಲು, ನೀಲವೇಣಿ ಏನ್ ಮಾಡಿದ್ಲು ಅಂತ. ಒಬ್ರು ಪೇಷೆಂಟ್ ಅಜ್ಜಿ ಅಂತೂ ಡಿಸ್ಚಾರ್ಜ್ ಆಗಿ ಹೋಗೋವಾಗ ನನ್ ನಂಬರ್ ತಗೊಂಡು ಹೋದ್ರು. ಪ್ಲೀಸ್ ಅಂಕಲ್, ಓದಿ. ಬೆಳಗ್ಗೆ ಬೇಡ. ನಾನು ನಾಲ್ಕೂವರೆಗೆ ಎದ್ದೇಳ್ತೀನಿ, ಆರೂವರೆಗೆ ಡ್ಯೂಟಿಗೆ ಹೊರಡ್ತೀನಿ. ಮಧ್ಯ ಓದಿ."

ನಮ್ಮ ಮಾವ ಒಳಗೊಳಗೇ ಕುಣಿಯುತ್ತಿದ್ದರು ಎಂಬುದು ಅವರ ಕಿವಿ ನೋಡಿದರೇ ತಿಳಿಯುತ್ತಿತ್ತು. ಖುಷಿಯಾದರೆ ಅವರ ಕಿವಿ ಕೆಂಪಾಗುತ್ತದೆ. ಬಾಯಲ್ಲಿ ಮಾತ್ರ, "ನಂಗೆ ಕಣ್ಣು ಸರಿ ಇಲ್ಲ ಕಣಮ್ಮ" ಎಂದರು.

"ಡ್ರಾಪ್ಸ್ ತಂದಿದೀನಿ" ಎಂದು ಅವಳು ಚೀಲದಿಂದ ಪುಟ್ಟ ಸೀಸೆ ತೆಗೆದಳು. "ತಲೆ ಹಿಂದಕ್ಕೆ ಹಾಕಿ."

ತಲೆ ಹಿಂದಕ್ಕೆ ಹಾಕದೆ ಮಾವನಿಗೆ ಬೇರೆ ದಾರಿಯಿರಲಿಲ್ಲ.

ಅಷ್ಟರಲ್ಲಿ ಅವರ ಮಂಡಿಯೂ ಮೆಟ್ಟಿಲಿಗೆ ಒಗ್ಗಿತ್ತು. ಓದು ಟೆರೇಸಿಗೆ ಹೋಯಿತು. ಸಂಜೆ ಐದಕ್ಕೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಮಾವನ ಕುರ್ಚಿ, ಸುತ್ತ ಚಾಪೆ. ಫಾತಿಮಾ ಆಂಟಿ ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದರು, ಅತ್ತೆ ಹುರಿಗಡಲೆ. ಎಸ್ತರ್ ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟು, ಒದ್ದೆ ತಲೆ ಒಣಗಿಸಿಕೊಳ್ಳುತ್ತ ಕೂರುತ್ತಿದ್ದಳು. ಆಫೀಸಿನಿಂದ ನಾನು ತಲುಪುವಷ್ಟರಲ್ಲಿ ಚಾಪೆ ಸುತ್ತಿಟ್ಟಿರುತ್ತಿದ್ದರು. ಶನಿವಾರ, ಭಾನುವಾರಗಳಷ್ಟೇ ನನ್ನ ಪಾಲಿಗೆ. ಮಿಕ್ಕ ದಿನ ಮರುಪ್ರಸಾರ. ಅತ್ತೆ ಈಗ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಬದಲಿಗೆ ನನಗೇ ಹೇಳುತ್ತಿದ್ದರು, ನಿಂತ ಭಂಗಿ, ನೋಡಿದ ನೋಟ ಯಾವುದನ್ನೂ ಬಿಡದೆ.

ಕೊನೆಯ ಅಧ್ಯಾಯ ಒಂದು ಬುಧವಾರ ಬಂತು. ಭಾನುವಾರದವರೆಗೆ ತಡೆಯಿರಿ ಎಂದು ನಾನು ಬೇಡಿಕೊಂಡೆ. "ನಾನು ತಡೀತೀನಿ, ಆ ಹುಡುಗಿ ವಾರ್ಡಿನೋರು ತಡೀತಾರಾ?" ಎಂದರು ಮಾವ. ಮನೆಯಲ್ಲಿ ಒಂದು ಕಾರ್ಯವಿದೆ ಎಂದು ಆಫೀಸಿನಲ್ಲಿ ಹೇಳಿ ಬೇಗ ಹೊರಟೆ. ಇಂದಿರಾನಗರದವರೆಗೆ ಬಸ್ಸು ಹೇಗೋ ಬಂತು. ಅಲ್ಲಿಂದ ಮುಂದೆ ತೆವಳಿತು. ನಮ್ಮ ರೈಲ್ವೆ ಗೇಟಿನ ಹತ್ತಿರ ಬರುವಷ್ಟರಲ್ಲಿ ಗೇಟು ಬಿದ್ದಿತ್ತು. ಮುಂದೆ ಆಟೊ, ಹಿಂದೆ ಲಾರಿ, ಪಕ್ಕದಲ್ಲಿ ನೀರಿನ ಟ್ಯಾಂಕರು. ಇಳಿದು ನಡೆಯೋಣವೆಂದರೂ ಕಾಲಿಡಲು ಜಾಗವಿಲ್ಲ. ಅತ್ತೆಗೆ ಫೋನು ಮಾಡಿದೆ.

"ಅತ್ತೆ, ಗೇಟಲ್ಲಿ ಸಿಕ್ಕಾಕೊಂಡಿದೀನಿ. ಶುರು ಮಾಡ್ಬೇಡಿ ಅಂತ ಹೇಳಿ."

"ಶುರು ಆಗೋಯ್ತು ಕಣಮ್ಮ. ಎಸ್ತರ್‌ಗೆ ಹೊತ್ತಾಗ್ತದೆ. ತಗೋ, ಫೋನ್ ಅಲ್ಲೇ ಇಡ್ತೀನಿ, ಕೇಳ್ಕೋ."

ಫೋನನ್ನು ಮಾವನ ಪಕ್ಕದಲ್ಲಿ ಇಟ್ಟರೆಂದು ಕಾಣುತ್ತದೆ. ನಾನು ಸ್ಪೀಕರ್ ಹಾಕಿರಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಡ್ರೈವರು ಇಂಜಿನ್ ಆರಿಸಿದ್ದರು. ಆ ನಿಶ್ಶಬ್ದದಲ್ಲಿ ನನ್ನ ಕೈಯಿಂದ ಮಾವನ ದನಿ ಬಸ್ಸಿನ ಉದ್ದಕ್ಕೂ ಹೊರಟಿತು. ನೀಲವೇಣಿ ಗಂಡನಿಗೆ ಎಲೆ ಹಾಕುತ್ತಿದ್ದಳು.

ಪಕ್ಕದ ಸೀಟಿನ ಹೆಂಗಸು ಮೊದಲು ನನ್ನನ್ನು, ಆಮೇಲೆ ಫೋನನ್ನು ನೋಡಿದರು. "ಯಾರ ಮನೇಲಿ ಜಗಳ ಮೇಡಂ?"

"ಜಗಳ ಅಲ್ಲ, ನಮ್ಮ ಮಾವ ಪುಸ್ತಕ ಓದ್ತಿದಾರೆ" ಎಂದೆ. ನಾಚಿಕೆಯಿಂದ ನೆಲಕ್ಕಿಳಿದು ಹೋಗುವಂತಿತ್ತು. ಫೋನನ್ನು ಸೆರಗಿನೊಳಗೆ ಮುಚ್ಚಲು ನೋಡಿದೆ.

"ಮುಚ್ಚಬೇಡಿ, ಮುಚ್ಚಬೇಡಿ" ಎಂದರು ಕಂಡಕ್ಟರಮ್ಮ. ಟಿಕೆಟ್ ಮಿಷನ್ನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಂಬಕ್ಕೆ ಒರಗಿದ್ದರು. "ಯಾರು ಅವ್ನು ಊಟಕ್ಕೆ ಬಂದಿರೋನು?"

ನಾನು ನಾಲ್ಕು ಮಾತಿನಲ್ಲಿ ಹಿಂದಿನ ಕಥೆ ಹೇಳಿದೆ. ಈ ಸಲ ಮಳೆಯನ್ನೂ ಅಗುಳಿಯ ಮೇಲಿನ ಕೈಯನ್ನೂ ಬಿಡಲಿಲ್ಲ. ಫೋನಿನಲ್ಲಿ ಅವನು ಉಣ್ಣುತ್ತಿದ್ದ. ಅವಳು ಎದುರಿಗೆ ಕೂತು ನೋಡುತ್ತಿದ್ದಳು. ಅನ್ನ ಬಡಿಸಿದಳು, ಸಾರು ಬಡಿಸಿದಳು, ಮಜ್ಜಿಗೆ ಬಡಿಸಿದಳು. ಅವನು ಕೊನೆಯ ತುತ್ತು ನುಂಗಿ, ನನ್ನ ಹಾಸಿಗೆ ಎಲ್ಲಿ ಹಾಸಲಿ ಎಂದು ಕೇಳಿದ. ಅವಳು ತಲೆಯೆತ್ತಿ...

ಅಷ್ಟರಲ್ಲಿ ರೈಲು ಬಂತು. ಬಸ್ಸಿನ ಕಿಟಕಿಗಳೆಲ್ಲ ಗಡಗಡ ನಡುಗಿದವು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವ ಲಕ್ಷಣವೇ ಇಲ್ಲ. ಅದು ಹೋದ ಮೇಲೆ ಫೋನಿನಲ್ಲಿ ಕೇಳಿದ್ದು ಫಾತಿಮಾ ಆಂಟಿಯ ಚಪ್ಪಾಳೆ ಮಾತ್ರ.

"ಮಾವ!" ಎಂದು ನಾನು ಬಸ್ಸಿನಲ್ಲಿ ಕೂಗಿದೆ. "ಇನ್ನೊಂದ್ಸಲ ಓದಿ! ರೈಲು ಬಂತು, ಕೇಳಿಸ್ಲಿಲ್ಲ!"

"ಇನ್ನೂ ಎಲ್ಲಮ್ಮ ಬಂತು? ರೈಲು ಬರೋದು ಮುಂದಿನ ಪುಟದಲ್ಲಿ!"

"ಪುಸ್ತಕದ್ದಲ್ಲ ಮಾವ, ನಮ್ಮ ಗೇಟಿಂದು!"

ಹಿಂದಿನ ಸೀಟಿನಿಂದ ಯಾರೋ ಒಬ್ಬರು, "ಸ್ವಾಮಿ, ಹಾಸಿಗೆ ಕೇಳ್ದ ನೋಡಿ, ಅಲ್ಲಿಂದ ಓದಿ" ಎಂದು ಕೂಗಿದರು. ಫೋನಿನ ಆ ಕಡೆ ಪುಟ ಹಿಂದಕ್ಕೆ ತಿರುಗಿಸಿದ ಸದ್ದು. ಆಮೇಲೆ ಒಂದು ಕೆಮ್ಮು. ತಮ್ಮ ಸಭೆ ಟೆರೇಸು ದಾಟಿ ಬಸ್ಸಿನವರೆಗೆ ಬೆಳೆದಿದೆಯೆಂದು ಮಾವನಿಗೆ ತಿಳಿದಿರಬೇಕು. ದನಿ ಇನ್ನೂ ಒಂದು ಮೆಟ್ಟಿಲು ಏರಿತು. ಅವನು ಮತ್ತೆ ಹಾಸಿಗೆ ಕೇಳಿದ. ಅವಳು ಮತ್ತೆ ತಲೆಯೆತ್ತಿದಳು. ಉಂಡಾಯಿತಲ್ಲ, ಎಲೆ ಎತ್ತು, ಎಂದಳು. ನಿನ್ನ ರೈಲಿಗೆ ಹೊತ್ತಾಯಿತು.

"ಅಯ್ಯೋ ಪಾಪ" ಎಂದರು ನನ್ನ ಪಕ್ಕದವರು.

"ಏನ್ ಪಾಪ? ಸರಿಯಾಗ್ ಹೇಳಿದ್ಲು!" ಎಂದರು ಕಂಡಕ್ಟರಮ್ಮ, ಮಿಷನ್ನಿನಿಂದ ಕಂಬಕ್ಕೆ ಒಂದು ಬಡಿದು. ಮುಂದಿನ ಸೀಟಿನವರು ಗಂಡನ ಪಕ್ಷ ವಹಿಸಿದರು, ಹಿಂದಿನವರು ನೀಲವೇಣಿಯ ಪಕ್ಷ. ಗೇಟು ತೆಗೆದು ಎಷ್ಟು ಹೊತ್ತಾಗಿತ್ತೋ, ಹಿಂದಿನ ಲಾರಿ ಹಾರನ್ ಹೊಡೆದೂ ಹೊಡೆದೂ ಸುಸ್ತಾಗಿತ್ತು. ಡ್ರೈವರು ನಮ್ಮ ಕಡೆ ತಿರುಗಿ ಕೂತು ಕೇಳುತ್ತಿದ್ದವರು, ಆಗ ಗಡಿಬಿಡಿಯಿಂದ ಇಂಜಿನ್ ಹಾಕಿದರು.

ನಾನು ಟೆರೇಸು ತಲುಪುವಾಗ ಬಿಸಿಲು ಇಳಿದಿತ್ತು. ಎಸ್ತರ್ ಡ್ಯೂಟಿಗೆ ಹೋಗಿದ್ದಳು, ಫಾತಿಮಾ ಆಂಟಿ ಅಡುಗೆಗೆ ಕೆಳಗಿಳಿದಿದ್ದರು. ಅತ್ತೆ ಚೆಲ್ಲಿದ ಹುರಿಗಡಲೆ ಗುಡಿಸುತ್ತಿದ್ದರು. ಪಾರ್ಟಿ ಸೋತಿದ್ದರೂ ಅವರ ಮುಖದಲ್ಲಿ ಸೋಲಿರಲಿಲ್ಲ. "ಎಲೆ ಎತ್ತು ಅಂದ್ಲು ನೋಡು. ಎಷ್ಟು ಮೆತ್ತಗೆ ಅಂದ್ಲು!" ಎಂದರು. ಮಾವ ಮಾತ್ರ ಕುರ್ಚಿಯಲ್ಲೇ ಇದ್ದರು. ಮುಚ್ಚಿದ ಪುಸ್ತಕ ಮಡಿಲಲ್ಲಿತ್ತು.

"ಚೆನ್ನಾಗಿ ಓದಿದ್ರಿ ಮಾವ" ಎಂದೆ. "ಬಸ್ಸಲ್ಲಿ ಎಲ್ರೂ ಕೇಳಿದ್ರು."

"ಹೂಂ" ಎಂದರು. ಪುಸ್ತಕವನ್ನು ನನ್ನ ಕಡೆ ಚಾಚಿ, ಯಾವುದೋ ಸಂಕೋಚದ ದನಿಯಲ್ಲಿ ಹೇಳಿದರು: "ಓದೋ ಭರದಲ್ಲಿ ನಂಗೆ ಸರಿಯಾಗಿ ದಕ್ಕಲೇ ಇಲ್ಲ ಕಣಮ್ಮ. ಎಲ್ಲಿ ತಪ್ಪೋಗ್ತೀನೋ ಅನ್ನೋದೇ ಆಗಿತ್ತು. ಆ ಕಡೇ ಪಾಠ ಒಂದು ನೀನು ಓದ್ತೀಯಾ? ನಾನು ಸುಮ್ನೆ ಕುಂತ್ಕಂಡು ಕೇಳ್ತೀನಿ."

ಪುಸ್ತಕ ಕೈಗೆ ತೆಗೆದುಕೊಂಡೆ. ಗಟ್ಟಿಯಾಗಿ ಓದಿ ಎಷ್ಟು ವರ್ಷವಾಗಿತ್ತೋ, ನನಗೇ ತಿಳಿಯದು. ಮೊದಲ ಸಾಲಿಗೇ ದನಿ ಒಡೆಯಿತು, ಎರಡನೆಯದಕ್ಕೆ ಉಸಿರು ತಪ್ಪಿತು. ಅತ್ತೆ ಪೊರಕೆ ಬದಿಗಿಟ್ಟು ಚಾಪೆಯ ಮೇಲೆ ಕೂತರು. ಮಾವ ಕಣ್ಣು ಮುಚ್ಚಿಕೊಂಡರು. ನೀಲವೇಣಿ ಎಲೆ ತೊಳೆದು ಹಾಕಿದಳು, ನೀರು ಇಟ್ಟಳು. ಅವಳ ಕೈ ನಡುಗುತ್ತಿತ್ತು ಎಂದು ಬರೆದಿತ್ತು. ನನ್ನ ದನಿಯೂ ನಡುಗುತ್ತಿದ್ದುದರಿಂದ ಆ ಜಾಗ ಚೆನ್ನಾಗಿಯೇ ಬಂತು.

ಆಗ ಕೆಳಗಿನ ಅಂಗಳದಿಂದ ಫಾತಿಮಾ ಆಂಟಿಯ ಕೂಗು ಕೇಳಿಸಿತು.

"ಕೌನ್ ಅದು ಓದ್ತಾ ಇರೋದು? ಶೋಭಾನಾ? ಜೋರಾಗಿ ಓದಮ್ಮ, ಇಲ್ಲಿಗೆ ಏನೂ ಬರ್ತಾ ಇಲ್ಲ!"

ನಾನು ಟೆರೇಸಿನ ಮೋಟುಗೋಡೆಯ ಹತ್ತಿರ ಹೋದೆ. ಬಾಯಿ ತುಂಬ ಗಾಳಿ ಎಳೆದುಕೊಂಡು, ಅಧ್ಯಾಯವನ್ನು ಮೊದಲಿನಿಂದ ಓದಲು ತೊಡಗಿದೆ.